ಮದ್ದಿನಲ್ಲಿ ಹಿಂಸೆ, ರೇಷ್ಮೆಯಲ್ಲಿ ಅಹಿಂಸೆಯೆ?

ನನ್ನ ಭಾವನವರಿಗೆ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದಲ್ಲಿ ನೀರು ತುಂಬಿ ದೃಷ್ಟಿ ಮಸುಕಾಯಿತು. ವೈದ್ಯರು ಅಫ್ಲಿಬರ್ಸೆಪ್ಟ್ ಎಂಬ ಚುಚ್ಚುಮದ್ದನ್ನು ಸೂಚಿಸಿದರು. ಅದು ಪ್ರಾಣಿಜನ್ಯವೆಂದು ಯಾರೋ ಹೇಳಿದ್ದೇ ತಡ, ಅಣುವ್ರತಿಗಳಾದ ಅವರು ನಿರಾಕರಿಸಿದರು. ಹಿರಿಯರು ‘ಭೇಷ್’ ಎಂದರು. ಇಂದು ಅವರು ಶಾಸ್ತ್ರಗ್ರಂಥವನ್ನು ಓದಲಾರರು. ಆ ‘ಭೇಷ್’ ಎಂಬ ಮಾತನ್ನು ನಾನು ಖಂಡಿಸುತ್ತೇನೆ.

ಮೊದಲು ವಸ್ತುಸ್ಥಿತಿಯನ್ನರಿಯೋಣ. ವಿ.ಇ.ಜಿ.ಎಫ್. ಎಂಬ ಪ್ರೋಟೀನು ದೇಹದಲ್ಲಿ ಹೊಸ ರಕ್ತನಾಳಗಳನ್ನು ಬೆಳೆಸುತ್ತದೆ. ಕಣ್ಣಿನಲ್ಲಿ ಅದು ಅತಿಯಾದರೆ ನಾಳಗಳು ಸೋರುತ್ತವೆ. ಅದನ್ನು ಹಿಡಿಯಬಲ್ಲ ಎರಡು ಮಾನವ ಗ್ರಾಹಕಗಳ ತುಂಡುಗಳನ್ನು ಮಾನವ ಪ್ರತಿಕಾಯದ ಒಂದು ಭಾಗಕ್ಕೆ ಬೆಸೆದು ಈ ಮದ್ದನ್ನು ರಚಿಸಿದ್ದಾರೆ. 1957ರಲ್ಲಿ ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ ತೆಗೆದ ಜೀವಕೋಶಗಳ ಸಂತತಿಯೇ ಇಂದಿಗೂ ತೊಟ್ಟಿಗಳಲ್ಲಿ ವೃದ್ಧಿಸಿ ಇದನ್ನು ಉತ್ಪಾದಿಸುತ್ತದೆ. ಪ್ರತಿ ಸೀಸೆಗೊಂದು ಪ್ರಾಣಿಯ ವಧೆಯಿಲ್ಲ. ಮದ್ದಿನ ಪರೀಕ್ಷೆಗಳಲ್ಲಿ ಪ್ರಾಣಿಗಳು ನೊಂದಿವೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ಇನ್ನು ನಮ್ಮ ಸೀಮೆಯ ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆ ಅಕ್ಕೂರಿಗೆ ದೂರವಲ್ಲ. ನೂಲು ತೆಗೆಯಲು ಗೂಡಿನೊಳಗಿನ ಜೀವವನ್ನು ಶಾಖದಿಂದ ಕೊಲ್ಲುತ್ತಾರೆ. ಒಂದು ಸೀರೆಗೆ ಸಾವಿರಾರು ಜೀವ. ‘ಭೇಷ್’ ಎಂದ ಹಿರಿಯರು ಅಂದು ಉಟ್ಟಿದ್ದುದು ರೇಷ್ಮೆಯ ಪಂಚೆ. ಮಾರಿದವನು ನಾನೇ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ವಿಂಗಡಿಸಿ ಬೋಧಿಸುವ ನಾವು, ಅಲಂಕಾರದ ಹಿಂಸೆಗೆ ಕಣ್ಣು ಮುಚ್ಚಿ, ಕಣ್ಣುಳಿಸುವ ಮದ್ದಿನಲ್ಲಿ ಮಾತ್ರ ಪಾಪವನ್ನು ಹುಡುಕುವುದು ಯಾವ ವಿವೇಕ?

ಪ್ರಶ್ನಿಸಬೇಕಾದುದು ಬೇರೆಯಿದೆ, ಅದು ಪರಿಗ್ರಹ. 2011ರಲ್ಲಿ ಅಮೇರಿಕೆಯಲ್ಲಿ ಈ ಮದ್ದು ಬಂದಾಗ ಒಂದು ಡೋಸಿಗೆ 1850 ಡಾಲರ್. ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್ ಸಂಸ್ಥೆಯ ಸಮರೂಪಿ ಮದ್ದಿಗೆ 2024ರ ಮೇ ತಿಂಗಳಲ್ಲಿ ಅಲ್ಲಿ ಅನುಮತಿ ದೊರೆತರೂ, ಪೇಟೆಂಟ್ ವ್ಯಾಜ್ಯವು 2025ರಲ್ಲಿ ರಾಜಿಯಾಗಿ, ಮಾರಾಟವನ್ನು 2026ರ ಉತ್ತರಾರ್ಧಕ್ಕೆ ನಿಗದಿಪಡಿಸಲಾಯಿತು. ಕಾದವರು ರೋಗಿಗಳು. ಈ ಚುಚ್ಚುಮದ್ದು ಒಮ್ಮೆಗೆ ಮುಗಿಯುವುದಲ್ಲ. ಮತ್ತೆ ಮತ್ತೆ ಬೇಕು. ಬಡವನು ಹಣವಿಲ್ಲದೆ ನಡುವೆ ನಿಲ್ಲಿಸಿದರೆ ಕುರುಡನಾಗಬಹುದು. ಆ ಕತ್ತಲೆ ಹಿಂಸೆಯಲ್ಲವೆ?

ಧರ್ಮಬಂಧುಗಳೇ, ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ನಾನು ರೇಷ್ಮೆಯ ವ್ಯಾಪಾರವನ್ನು ನಿಲ್ಲಿಸಿದ್ದೇನೆ. ಮುಂದಿನ ಮದುವೆಯಲ್ಲಿ ನೀವು ಒಂದು ರೇಷ್ಮೆ ಸೀರೆಯನ್ನು ಬಿಟ್ಟು, ಅದರ ಬೆಲೆಯನ್ನು ಒಬ್ಬ ಬಡವನ ಕಣ್ಣಿಗೆ ಕೊಡಿರಿ. ಅಹಿಂಸೆಯ ಲೆಕ್ಕ ಅಲ್ಲಿಂದ ಆರಂಭವಾಗಲಿ.