ಏಡ್ಸ್ ರೋಗಿಗಳೂ ನಮ್ಮ ಕರ್ತವ್ಯವೂ

ಪರವೂರಿನಲ್ಲಿ ಕಾಯಿಲೆ ಬಿದ್ದವನಿಗೆ ಮದ್ದಿಗಿಂತ ಮೊದಲು ಬೇಕಾಗುವುದು ಮಗ್ಗುಲಲ್ಲಿ ಕುಳಿತು ಗಂಜಿ ಕುಡಿಸುವ ಒಂದು ಕೈ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಂಧುಗಳೇ ಕೈಬಿಟ್ಟಾಗ ಆ ಕೆಲಸವನ್ನು ಯಾರು ಮಾಡಿದರೆಂಬುದಕ್ಕೆ ಏಡ್ಸ್ ರೋಗದ ಚರಿತ್ರೆ ಸಾಕ್ಷಿಯಾಗಿದೆ.

1981ರಲ್ಲಿ ಅಮೆರಿಕದಲ್ಲಿ ಈ ವ್ಯಾಧಿ ಬೆಳಕಿಗೆ ಬಂದಾಗ ಅದಕ್ಕೆ ತುತ್ತಾದವರಲ್ಲಿ ಬಹುಮಂದಿ ಸಲಿಂಗಪ್ರೇಮಿ ಪುರುಷರು. ಅಧ್ಯಕ್ಷ ರೇಗನ್ನರು 1985ರವರೆಗೆ ಬಹಿರಂಗವಾಗಿ ಅದರ ಹೆಸರೆತ್ತಲಿಲ್ಲ. ಆದರೆ 1982ರಲ್ಲಿಯೇ ನ್ಯೂಯಾರ್ಕಿನ ಸಲಿಂಗಪ್ರೇಮಿಗಳು ‘ಗೇ ಮೆನ್ಸ್ ಹೆಲ್ತ್ ಕ್ರೈಸಿಸ್’ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಅದರ ಸ್ವಯಂಸೇವಕರು ರೋಗಿಗಳ ಮನೆಗೆ ಹೋಗಿ, ಅಡಿಗೆ ಮಾಡಿ, ಮನೆ ಗುಡಿಸಿ, ಕೊನೆಗಾಲದಲ್ಲಿ ಜೊತೆಗಿದ್ದರು. 1983ರಲ್ಲಿ, ರಕ್ತದಾನ ಮಾಡಕೂಡದೆಂದು ಆ ಪುರುಷರಿಗೆ ಸೂಚಿಸಿದ ಮೇಲೆ, ಸಾನ್ ಡಿಯಾಗೋ ನಗರದ ಸಲಿಂಗಪ್ರೇಮಿ ಸ್ತ್ರೀಯರು ತಾವೇ ರಕ್ತ ನೀಡಲು ಮುಂದೆ ಬಂದರು.

ನಮ್ಮ ದೇಶದಲ್ಲಿ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಮುಂಬಯಿಯಲ್ಲಿ ಪತ್ರಕರ್ತ ಅಶೋಕ ರಾವ್ ಕವಿಯವರೂ ಅವರ ಸಂಗಡಿಗರೂ 1994ರಲ್ಲಿ ‘ಹಮ್‌ಸಫರ್ ಟ್ರಸ್ಟ್’ ಸ್ಥಾಪಿಸಿ, ತಮ್ಮವರಿಗೆ ತಿಳಿವಳಿಕೆಯನ್ನೂ ಪರೀಕ್ಷೆಯ ಸೌಕರ್ಯವನ್ನೂ ಒದಗಿಸಿದರು. ಅದೇ ವರ್ಷ ದೆಹಲಿಯ ತಿಹಾರ್ ಸೆರೆಮನೆಯಲ್ಲಿ ನಿರೋಧ್ ಹಂಚಲು ಅಧಿಕಾರಿಗಳು ಒಪ್ಪದಿದ್ದಾಗ, ‘ಏಡ್ಸ್ ಭೇದಭಾವ್ ವಿರೋಧಿ ಆಂದೋಲನ’ವು ದಂಡಸಂಹಿತೆಯ 377ನೆಯ ಕಲಮಿನ ವಿರುದ್ಧ ಹೈಕೋರ್ಟಿಗೆ ಹೋಯಿತು. ಕಾನೂನಿಗೆ ಅಂಜಿ ಅಡಗಿದವನು ಆಸ್ಪತ್ರೆಯ ಬಾಗಿಲಿಗೆ ಬರಲಾರನಷ್ಟೆ. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಸಾರಿದ್ದು 2018ರಲ್ಲಿ.

2004ರಿಂದ ಸರಕಾರಿ ಕೇಂದ್ರಗಳಲ್ಲಿ ಔಷಧವು ಉಚಿತವಾಗಿ ದೊರೆಯುತ್ತಿದೆ. ಅದನ್ನು ಕ್ರಮವಾಗಿ ಸೇವಿಸುವವನು ಬಹುಕಾಲ ದುಡಿದು ಬಾಳಬಲ್ಲನು. ಹೀಗಿದ್ದರೂ ಜನರ ಭಯ ಕಳೆದಿಲ್ಲ. ಎಚ್.ಐ.ವಿ. ಸೋಂಕು ಸಹಪಂಕ್ತಿಯ ಊಟದಿಂದಾಗಲಿ, ಲೋಟ ತಟ್ಟೆಗಳಿಂದಾಗಲಿ, ಒಂದೇ ಖೋಲಿಯ ವಾಸದಿಂದಾಗಲಿ ಹರಡುವುದಿಲ್ಲ. ಸೋಂಕಿತನೊಬ್ಬನು ಮಾಡಿದ ಅಡಿಗೆಯಿಂದಲೂ ಹರಡುವುದಿಲ್ಲ. ಸೋಂಕಿದೆಯೆಂಬ ಮಾತ್ರಕ್ಕೆ ಉದ್ಯೋಗದಲ್ಲಿ, ಚಿಕಿತ್ಸೆಯಲ್ಲಿ, ವಸತಿಯಲ್ಲಿ ತಾರತಮ್ಯ ತೋರುವುದನ್ನು 2017ರ ಕಾಯಿದೆ ನಿಷೇಧಿಸಿದೆ.

ಕಾಯಿದೆ ನೌಕರಿಯನ್ನು ಉಳಿಸೀತು. ಮಗ್ಗುಲಲ್ಲಿ ಕುಳಿತುಕೊಳ್ಳಲು ಮನುಷ್ಯರೇ ಬೇಕು. ಸಮಾಜವು ಹೀಗಳೆದ ಜನರು ತಮ್ಮ ರೋಗಿಗಳನ್ನು ಕೈಬಿಡಲಿಲ್ಲ. ಹೋಟೆಲು ಮಾಲಿಕರೂ ಕಾರ್ಮಿಕ ಬಂಧುಗಳೂ ಕನ್ನಡ ಸಂಘಗಳೂ ಈ ಮೇಲ್ಪಂಕ್ತಿಯನ್ನು ಅನುಸರಿಸಬೇಕು. ರೋಗ ಹೇಗೆ ಬಂತೆಂದು ಕೆದಕುವುದನ್ನು ಬಿಟ್ಟು, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ನಮ್ಮಲ್ಲಿ ಹೆಚ್ಚಲೆಂದು ಹಾರೈಸುತ್ತೇವೆ.