ನಾನಿಯ ಮಾತ್ರೆಗಳಿಗೂ ಒಂದು ಲೆಡ್ಜರ್ ಬೇಕು

ಸೈನ್ಸ್ ಸೆಕ್ಷನ್‌ನ ಗೆಳತಿಯರು ಇದನ್ನು ಓದಿ ನಗಬಹುದು. ಅಸಿಟೈಲ್‌ಕೋಲಿನ್, ರಿಸೆಪ್ಟರ್ ಎಲ್ಲ ನಮ್ಮ ಪುಸ್ತಕದ್ದು, ಅಕೌಂಟೆನ್ಸಿ ಓದುವವಳಿಗೇಕೆ ಎನ್ನಬಹುದು. ಆದರೆ ಮನೆಯಲ್ಲಿ ಅಜ್ಜ ಅಜ್ಜಿಯರ ಮಾತ್ರೆ ಡಬ್ಬಿ ನೋಡಿಕೊಳ್ಳುವವರು ಯಾರು? ಅವರ ಜೊತೆ ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲುವವರು ಯಾರು? ಬಹಳ ಮನೆಗಳಲ್ಲಿ ನಾವೇ. ಹಾಗಾಗಿ ಈ ವಿಷಯ ನಮ್ಮೆಲ್ಲರದು.

ನಮ್ಮ ಚಾಮರಾಜಪೇಟೆಯ ಮಿಂಟೊ ಕಣ್ಣಾಸ್ಪತ್ರೆಯಿಂದಲೇ ಶುರು ಮಾಡುತ್ತೇನೆ. ಕಣ್ಣಿನ ಒಳಗಿನ ಪರದೆ ಪರೀಕ್ಷೆ ಮಾಡುವ ಮೊದಲು ಕಣ್ಣಿಗೆ ಹನಿ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಪಾಪೆ ದೊಡ್ಡದಾಗುತ್ತದೆ, ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಕೆಲವು ಗಂಟೆಗಳ ನಂತರ ಎಲ್ಲ ಸರಿಹೋಗುತ್ತದೆ. ಸಾಮಾನ್ಯವಾಗಿ ಬಳಸುವ ಆ ಹನಿಯ ಹೆಸರು ಟ್ರೋಪಿಕಮೈಡ್. ಕಣ್ಣಿನ ಸ್ನಾಯುಗಳಲ್ಲಿರುವ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ಸ್ವಲ್ಪ ಹೊತ್ತು ಮುಚ್ಚುವುದೇ ಅದರ ಕೆಲಸ.

ರಿಸೆಪ್ಟರ್ ಎಂದರೆ ಜೀವಕೋಶದ ಮೇಲಿನ ಬೀಗ ಎಂದುಕೊಳ್ಳಿ. ನರಗಳು ಬಿಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅದರ ಕೀಲಿ. ಒಂದು ವಿಷದ ಅಣಬೆಯಲ್ಲಿ ಸಿಕ್ಕಿದ ಮಸ್ಕರಿನ್ ಕೂಡ ಈ ಬೀಗವನ್ನು ತೆರೆಯುತ್ತದೆ, ಅದರಿಂದಲೇ ಈ ಹೆಸರು. ಇವುಗಳಲ್ಲಿ ಎಂ1ರಿಂದ ಎಂ5ರವರೆಗೆ 5 ಬಗೆ. ಎಂ1 ಮುಖ್ಯವಾಗಿ ಮೆದುಳಿನಲ್ಲಿದ್ದು ನೆನಪಿಗೆ, ಕಲಿಕೆಗೆ ಬೇಕು. ಎಂ2 ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಎಂ3 ಬಾಯಲ್ಲಿ ಜೊಲ್ಲು ಬರಿಸುತ್ತದೆ, ಕರುಳು ಮತ್ತು ಮೂತ್ರಕೋಶ ಹಿಂಡುವಂತೆ ಮಾಡುತ್ತದೆ.

ಈ ಬೀಗ ಮುಚ್ಚುವ ಔಷಧಿಗಳು ಕೆಟ್ಟವಲ್ಲ. ಬೇಲಿ ಬದಿಯ ದತ್ತೂರಿ ಗಿಡದಲ್ಲಿರುವ ಅಟ್ರೋಪಿನ್ ತಿಂದರೆ ವಿಷ. ಆದರೆ ಹೊಲಕ್ಕೆ ಸಿಂಪಡಿಸುವ ಆರ್ಗ್ಯಾನೋಫಾಸ್ಫೇಟ್ ಕೀಟನಾಶಕ ದೇಹ ಸೇರಿ, ಅಸಿಟೈಲ್‌ಕೋಲಿನ್ ಮಿತಿಮೀರಿ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡ ರೈತನಿಗೆ ಡಾಕ್ಟರು ಕೊಡುವ ಮದ್ದು ಇದೇ ಅಟ್ರೋಪಿನ್. ಉಬ್ಬಸದ ಕೆಲವು ಇನ್‌ಹೇಲರ್‌ಗಳಲ್ಲೂ ಇದೇ ಜಾತಿಯ ಔಷಧಿ ಇದೆ.

ತೊಂದರೆ ಇರುವುದು ಲೆಕ್ಕದಲ್ಲಿ. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್, ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೊಮಿನ್, ನರದ ನೋವಿಗೆ ರಾತ್ರಿ ಕೊಡುವ ಅಮಿಟ್ರಿಪ್ಟಿಲಿನ್, ಪದೇ ಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಆಕ್ಸಿಬ್ಯುಟಿನಿನ್. ಕಾಯಿಲೆ ಬೇರೆ ಬೇರೆ, ಆದರೆ ನಾಲ್ಕೂ ಮುಚ್ಚುವುದು ಒಂದೇ ಬೀಗವನ್ನು. ವಯಸ್ಸಾದವರ ಲಿವರ್, ಕಿಡ್ನಿ ಔಷಧಿಯನ್ನು ನಿಧಾನವಾಗಿ ಹೊರಹಾಕುತ್ತವೆ, ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಕೂಡ ಕಡಿಮೆಯಾಗಿರುತ್ತದೆ. ಆಗ ಬಾಯಿ ಒಣಗುತ್ತದೆ, ಮಲಬದ್ಧತೆ ಬರುತ್ತದೆ, ಮೂತ್ರ ಕಟ್ಟುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನೆನಪು ತಪ್ಪುತ್ತದೆ. ಅಮೆರಿಕದ ವೃದ್ಧರ ವೈದ್ಯರು ಬಳಸುವ ಬಿಯರ್ಸ್ ಪಟ್ಟಿ 1991ರಲ್ಲಿ ಮೊದಲು ಬಂತು. ಹಳೇ ಬಗೆಯ ನೆಗಡಿ ಮಾತ್ರೆಗಳನ್ನು ವಯಸ್ಸಾದವರಿಗೆ ಕೊಡದಿರುವುದು ಒಳ್ಳೆಯದು ಎಂದು ಈಗಿನ ಪಟ್ಟಿಯಲ್ಲಿದೆ.

ನಮ್ಮ ನಾನಿಗೆ ಹೀಗೇ ಆಯಿತು. ಮಂಡಿ ಕೆಳಗಿನ ಉರಿಗೆ ಒಬ್ಬ ಡಾಕ್ಟರು, ಹೊಟ್ಟೆಗೆ ಇನ್ನೊಬ್ಬರು, ನೆಗಡಿಗೆ ಮೆಡಿಕಲ್ ಶಾಪ್. ನಾನಿ ನನ್ನನ್ನು ಅಮ್ಮಿಯ ಹೆಸರಿನಿಂದ ಕರೆಯತೊಡಗಿದರು, ತೀರಿಹೋದ ನಾನಾಗೆ ರಾತ್ರಿ ಚಹಾ ಮಾಡಲು ಏಳುತ್ತಿದ್ದರು. ನೆಂಟರೆಲ್ಲ ಹೇಳಿದ್ದು ಒಂದೇ ಮಾತು, ‘ಉಮರ್ ಹೋಗಯಿ’. ಕೊನೆಗೆ ಒಬ್ಬ ಡಾಕ್ಟರು, ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿ ತನ್ನಿ ಎಂದರು. ಅವುಗಳಲ್ಲಿ ಎರಡನ್ನು ನಿಲ್ಲಿಸಿದರು, ಒಂದನ್ನು ನಿಧಾನವಾಗಿ ಕಡಿಮೆ ಮಾಡಿದರು. ಕೆಲವು ವಾರಗಳಲ್ಲಿ ನಾನಿಗೆ ನನ್ನ ಹೆಸರು ಮತ್ತೆ ನೆನಪಾಯಿತು. ಎಲ್ಲರ ಮರೆವೂ ಹೀಗೆ ವಾಸಿಯಾಗುವುದಿಲ್ಲ. ಅಲ್‌ಝೈಮರ್ ಬೇರೆಯೇ ಕಾಯಿಲೆ. ಆದರೆ ಮರೆವು ಕಾಯಿಲೆಯಿಂದ ಬಂದದ್ದೋ ಮಾತ್ರೆಯಿಂದ ಬಂದದ್ದೋ ಎಂದು ಕೇಳದೆಯೇ ವಯಸ್ಸಿನ ಮೇಲೆ ಹಾಕುವುದು ಅನ್ಯಾಯ.

ಇನ್ನೊಂದು ವಿಚಿತ್ರವೂ ಇದೆ. ಅಲ್‌ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ. ಅದೇ ಅಜ್ಜನಿಗೆ ಬೇರೆ ಡಾಕ್ಟರು ಆಕ್ಸಿಬ್ಯುಟಿನಿನ್ ಬರೆದರೆ? ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ಪ್ರತಿ ಡಾಕ್ಟರ ಚೀಟಿಯೂ ತನ್ನ ಮಟ್ಟಿಗೆ ಸರಿಯಾದ ಎಂಟ್ರಿಯೇ ಇರಬಹುದು. ಆದರೆ ಎಲ್ಲವನ್ನೂ ಒಂದೇ ಖಾತೆಗೆ ಪೋಸ್ಟ್ ಮಾಡಿ ಟೋಟಲ್ ಹಾಕಿದವರು ಯಾರೂ ಇಲ್ಲ. ಕಾಮರ್ಸ್‌ನವರಿಗೆ ಇದು ಬೇಗ ಅರ್ಥವಾಗಬೇಕು.

ನಮ್ಮಂಥ ಉರ್ದು ಮನೆಗಳಲ್ಲಿ ಇನ್ನೊಂದು ಕಷ್ಟ, ಭಾಷೆ. ನಾನಿಗೆ ಉರ್ದು ಓದಲು ಬರುತ್ತದೆ, ಸ್ಟ್ರಿಪ್ ಮೇಲಿನ ಹೆಸರು ಇಂಗ್ಲಿಷ್‌ನಲ್ಲಿ, ಡಾಕ್ಟರು ಕೇಳುವುದು ಕನ್ನಡದಲ್ಲಿ. ನಡುವೆ ದುಭಾಷಿ ನಾವು. ನಾನಿ ‘ಘಬ್ರಾಹಟ್’ ಎಂದರೆ ನಾವು ‘ಭಯವಂತೆ’ ಎಂದುಬಿಡುತ್ತೇವೆ. ಅವರು ಹೇಳಿದ್ದು ಎದೆ ಜೋರಾಗಿ ಬಡಿಯುತ್ತಿದೆ ಎಂದಿರಬಹುದು. ಆ ಒಂದು ಪದದಿಂದ ಬರೆಯುವ ಮಾತ್ರೆಯೇ ಬದಲಾಗಬಹುದು. ಹದಿನೇಳು ವರ್ಷಕ್ಕೆ ಇದು ದೊಡ್ಡ ಜವಾಬ್ದಾರಿ, ಆದರೂ ಅದು ಈಗಾಗಲೇ ನಮ್ಮ ಹೆಗಲ ಮೇಲಿದೆ.

ಆದ್ದರಿಂದ ಒಂದು ಸಲಹೆ. ಮನೆಯ ಹಿರಿಯರು ತೆಗೆದುಕೊಳ್ಳುವ ಎಲ್ಲ ಮಾತ್ರೆ, ಸಿರಪ್, ಕಣ್ಣಿನ ಹನಿ, ಹಕೀಮರ ಮದ್ದು, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯೋಣ. ಔಷಧಿಯ ಹೆಸರು, ಯಾವ ಕಾಯಿಲೆಗೆ, ಯಾರು ಕೊಟ್ಟರು, ಯಾವಾಗ ಶುರುವಾಯಿತು ಎಂದು ನಾಲ್ಕು ಕಾಲಂ ಸಾಕು. ಡಾಕ್ಟರ ಬಳಿ ಹೋದಾಗಲೆಲ್ಲ ಅದನ್ನು ತೋರಿಸಿ, ‘ಇವುಗಳಲ್ಲಿ ಬಾಯಿ ಒಣಗಿಸುವ, ಮರೆವು ತರುವ ಮಾತ್ರೆ ಎಷ್ಟಿವೆ?’ ಎಂದು ಕೇಳೋಣ. ನಾವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಕೆಲವನ್ನು ಥಟ್ಟನೆ ಬಿಟ್ಟರೆ ಅದೇ ಅಪಾಯ.

ನಮ್ಮ ಬಯಾಲಜಿ ಲೆಕ್ಚರರ್‌ಗಳಲ್ಲಿ ಒಂದು ವಿನಂತಿ: ಸೈನ್ಸ್, ಕಾಮರ್ಸ್, ಆರ್ಟ್ಸ್ ಮೂವರನ್ನೂ ಒಟ್ಟಿಗೆ ಕೂರಿಸಿ ಒಂದು ಪೀರಿಯಡ್ ಈ ಪಾಠ ಮಾಡಿ. ಹಾಳೆಯನ್ನು ಕನ್ನಡ, ಉರ್ದು ಎರಡರಲ್ಲೂ ಅಚ್ಚು ಮಾಡಿಸಿಕೊಡಿ. ಕಾಲಂ ಎಳೆಯುವ ಕೆಲಸ ನಮಗೆ ಬಿಡಿ.