ದೂರವೈದ್ಯವೂ ರೋಗಿಯ ಗುಟ್ಟೂ

ಸರ್ಕಾರವು ದೂರವೈದ್ಯಸೇವೆಯನ್ನು ವಿಸ್ತರಿಸುತ್ತ, ರೋಗಿಗಳ ದಾಖಲೆಗಳನ್ನೆಲ್ಲ ಒಂದೇ ಗುರುತಿನ ಸಂಖ್ಯೆಗೆ ಜೋಡಿಸುವುದು ಯುಕ್ತವೆ?

ಪರ

ಕಾಡಂಚಿನ ಹಳ್ಳಿಯ ಕೂಲಿಯವನೊಬ್ಬನು ಎದೆನೋವೆಂದು ತಜ್ಞವೈದ್ಯರನ್ನು ಕಾಣಬೇಕಾದರೆ, ದಿನದ ಕೂಲಿಯನ್ನು ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಬಸ್ಸು ಬದಲಿಸಿ ಜಿಲ್ಲಾಸ್ಪತ್ರೆಯನ್ನು ಸೇರಬೇಕು. ಸೇರಿದ ಮೇಲೂ ತಜ್ಞರು ಅಂದು ಇರುವರೆಂಬ ಭರವಸೆಯಿಲ್ಲ. 2002ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ಹೃದ್ರೋಗತಜ್ಞರೊಡನೆ ಜೋಡಿಸಿದುದು ಈ ಕಷ್ಟವನ್ನು ನೀಗಿಸಲೆಂದೇ. ಅಂದು ಪ್ರಯೋಗವಾಗಿದ್ದುದು, 2019ರಲ್ಲಿ ತೊಡಗಿದ ಇ-ಸಂಜೀವಿನಿಯೆಂಬ ಸರ್ಕಾರಿ ದೂರವೈದ್ಯಸೇವೆಯ ಮೂಲಕ ಹಳ್ಳಿಯ ಆರೋಗ್ಯಕೇಂದ್ರದವರೆಗೂ ಬಂದಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ, ಮನೋರೋಗದ ಆಸ್ಪತ್ರೆಯ ಬಾಗಿಲನ್ನು ತುಳಿಯಲು ನಾಚುವವರೂ ಮನೆಯಲ್ಲಿದ್ದುಕೊಂಡೇ ತಮ್ಮ ಸಂಕಟವನ್ನು ಹೇಳಿಕೊಳ್ಳಬಹುದು.

ದಾಖಲೆಯಿಲ್ಲದ ಚಿಕಿತ್ಸೆಯಾದರೋ ಅರ್ಧ ಚಿಕಿತ್ಸೆ. ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ, ಮಳೆಯಲ್ಲಿ ನೆನೆದು ಶಾಯಿ ಹರಡಿದ ಚೀಟಿಗಳನ್ನು ಮೇಜಿನ ಮೇಲೆ ಸುರಿದು ರೋಗಿಯು ಕೈಮುಗಿದು ನಿಂತಾಗ, ಯಾವ ಮಾತ್ರೆ ಅವನಿಗೆ ಒಗ್ಗಲಿಲ್ಲವೆಂಬುದನ್ನು ವೈದ್ಯರು ಊಹಿಸಬೇಕಾಗುತ್ತದೆ. ರೋಗಿಯ ದಾಖಲೆಗಳನ್ನೆಲ್ಲ ಜೋಡಿಸುವ ‘ಆಭಾ’ ಎಂಬ ಹದಿನಾಲ್ಕು ಅಂಕಿಗಳ ಗುರುತಿನ ಸಂಖ್ಯೆಯು ಈ ಊಹೆಯನ್ನು ತಪ್ಪಿಸಬಲ್ಲುದು.

ವಿರೋಧ

ದೂರವೈದ್ಯವನ್ನು ಬೇಡವೆನ್ನುವವರು ಯಾರೂ ಇಲ್ಲ. ತಜ್ಞರ ಖಾಲಿ ಹುದ್ದೆಗಳನ್ನು ಹಾಗೆಯೇ ಉಳಿಸಿಕೊಳ್ಳಲು ಅದೊಂದು ನೆಪವಾಗಬಾರದು, ಅಷ್ಟೆ. ಹೊಟ್ಟೆಯನ್ನು ಒತ್ತಿ ನೋಡುವ ಕೈ ತೆರೆಯ ಆಚೆಗೆ ಚಾಚದು. ನಮ್ಮ ಮುಖ್ಯ ಆಕ್ಷೇಪಣೆಯಿರುವುದು ದಾಖಲೆಗಳನ್ನು ಜೋಡಿಸುವ ಆತುರದ ಬಗೆಗೆ.

ಆರೋಗ್ಯಕೇಂದ್ರದ ಸರತಿಯಲ್ಲಿ ನಿಂತ ಅಜ್ಜಿಗೆ ಸ್ವಂತ ಫೋನಿಲ್ಲ. ಆಭಾ ಸಂಖ್ಯೆಗೆ ಬೇಕಾದ ಒಟಿಪಿ ಬರುವುದು ಅಣ್ಣನ ಮಗನ ಫೋನಿಗೆ. ಅವನು ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿ ಹೇಳಿದ ಆ ಅಂಕಿಗಳೇ ಕಡತದಲ್ಲಿ ಆಕೆಯ ‘ಸಮ್ಮತಿ’ಯೆಂದು ದಾಖಲಾಗುವುವು. ಕ್ಷಯವೋ ಎಚ್‌ಐವಿಯೋ ಇದೆಯೆಂಬ ಸುದ್ದಿ ಹೊರಬಿದ್ದರೆ, ಗೊತ್ತಾದ ಮದುವೆ ಮುರಿಯುತ್ತದೆ, ಬಾಡಿಗೆಯ ಮನೆ ಕೈತಪ್ಪುತ್ತದೆ; ಗುಣವಾದ ಮೇಲೂ ಆ ಹೆಸರು ಅಳಿಯದು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕವ್ಯವಸ್ಥೆಯ ಮೇಲೆ ಸೈಬರ್ ದಾಳಿ ನಡೆದು, ದಿನಗಟ್ಟಲೆ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. ರಾಷ್ಟ್ರದ ಅಗ್ರಗಣ್ಯ ಸಂಸ್ಥೆಗೇ ಈ ಗತಿಯಾದಾಗ ತಾಲ್ಲೂಕು ಆಸ್ಪತ್ರೆಗೆ ರಕ್ಷಣೆಯೆಲ್ಲಿ? ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿಯೇ ಸಾರಿತು. ಆದರೂ 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು, ಸರ್ಕಾರವು ಸೌಲಭ್ಯಗಳನ್ನು ನೀಡುವ ಕೆಲವು ಸಂದರ್ಭಗಳಲ್ಲಿ, ಹೊಸದಾಗಿ ಸಮ್ಮತಿಯನ್ನು ಪಡೆಯದೆಯೇ ಮಾಹಿತಿಯನ್ನು ಬಳಸಿಕೊಳ್ಳಲು ಎಡೆಗೊಟ್ಟಿದೆ.

ಸಂಖ್ಯೆ ಐಚ್ಛಿಕವೆಂಬುದು ಕಾಗದದ ಮೇಲಿನ ಮಾತಾಗಬಾರದು. ಅದಿಲ್ಲದವರಿಗೂ ಔಷಧ ದೊರೆಯಲಿ. ತನ್ನ ಕಡತವನ್ನು ಯಾರು, ಎಂದು, ಏತಕ್ಕೆ ತೆರೆದರೆಂಬುದನ್ನು ರೋಗಿ ಕೇಳಿದೊಡನೆ ಕನ್ನಡದಲ್ಲಿ ಅಚ್ಚುಮಾಡಿ ಕೊಡುವ ಏರ್ಪಾಡು ಪ್ರತಿ ಕೇಂದ್ರದಲ್ಲಿಯೂ ಮೊದಲು ಆಗಲಿ. ಅಲ್ಲಿಯವರೆಗೆ ಜೋಡಣೆ ನಿಲ್ಲಬೇಕು.